ಹೆಸರಿಟ್ಟವನೇ ಹೊರಟ

ಇವತ್ತು ಪಾತ್ರೆ ತೊಳೆಯುತ್ತಾ ಸುಮ್ನೆ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಹಾಡು ಹಾಕಿದ್ದೆ. 1968ರ ಮೊದಲ ಆಲ್ಬಮ್ಮಿನ ಹಾಡು ಮುಗಿಯಿತು, ಹಿಂದೆಯೇ 1977ರ ‘ರೂಮರ್ಸ್’ ಶುರು. ಆ್ಯಪ್ ಬೇರೆ ಬ್ಯಾಂಡಿಗೆ ಹಾರಿತೇನೋ ಅಂದುಕೊಂಡೆ. ಅದು ಲಂಡನ್ನಿನ ಒರಟು ಬ್ಲೂಸ್, ಇದು ಕ್ಯಾಲಿಫೋರ್ನಿಯಾದ ನುಣುಪು ಪಾಪ್. ಹಾಡುವವರೂ ಬೇರೆ, ಗಿಟಾರೂ ಬೇರೆ.

ಡ್ರಮ್ಸು, ಬೇಸ್ ಗಿಟಾರು ಮಾತ್ರ ಎರಡರಲ್ಲೂ ಅದೇ ಇಬ್ಬರದ್ದು. ಮಿಕ್ ಫ್ಲೀಟ್‌ವುಡ್, ಜಾನ್ ಮ್ಯಾಕ್‌ವೀ.

1967ರಲ್ಲಿ ಬ್ಯಾಂಡ್ ಕಟ್ಟಿದ್ದು ಪೀಟರ್ ಗ್ರೀನ್. ಜನ ಬರುತ್ತಿದ್ದದ್ದೇ ಅವನ ಗಿಟಾರ್ ಕೇಳೋಕೆ. ಆದರೆ ಅವನು ಹೆಸರಿಟ್ಟಿದ್ದು ಹಿಂದೆ ನಿಲ್ಲುವ ಈ ಇಬ್ಬರದ್ದು. ತಮಾಷೆ ಅಂದ್ರೆ, ಆಗ ಮ್ಯಾಕ್‌ವೀ ಬ್ಯಾಂಡಿಗೆ ಇನ್ನೂ ಸೇರಿರಲೇ ಇಲ್ಲ!

1970ರಲ್ಲಿ ಗ್ರೀನೇ ಬಿಟ್ಟು ಹೋದ. ಮರುವರ್ಷ ಇನ್ನೊಬ್ಬ ಗಿಟಾರಿಸ್ಟ್ ಜೆರೆಮಿ ಸ್ಪೆನ್ಸರ್. ಟೂರ್ ಮಧ್ಯೆ ಲಾಸ್ ಏಂಜಲೀಸಿನಲ್ಲಿ ಪುಸ್ತಕದಂಗಡಿಗೆ ಹೋಗಿ ಬರ್ತೀನಿ ಅಂತ ಹೊರಟವನು ವಾಪಸ್ ಬರಲೇ ಇಲ್ಲ. ಹುಡುಕಿದರೆ, ಯಾವುದೋ ಧಾರ್ಮಿಕ ಪಂಥ ಸೇರಿಬಿಟ್ಟಿದ್ದ. ಆಮೇಲೆ ಯಾರ್ಯಾರೋ ಬಂದರು, ಹೋದರು. ‘ರೂಮರ್ಸ್’ನಲ್ಲಿ ಹಾಡಿದ ಸ್ಟೀವಿ ನಿಕ್ಸ್, ಲಿಂಡ್ಸೆ ಬಕಿಂಗ್‌ಹ್ಯಾಮ್ ಬಂದಿದ್ದು 1974ರ ಕೊನೆಗೆ.

ನಾವೆಲ್ಲ ನೆನಪಿಟ್ಟುಕೊಳ್ಳೋದು ಹಾಡಿದವರನ್ನೇ ಅಲ್ವಾ?

ನಲ್ಲಿ ನಿಲ್ಲಿಸಿ, ಸೋಪಿನ ಕೈಯಲ್ಲೇ ಹಾಡನ್ನು ಹಿಂದಕ್ಕೆ ಸರಿಸಿದೆ. ಈ ಸಲ ಬೇಸ್ ಒಂದನ್ನೇ ಕೇಳಿದೆ.