ರೇಡಾರ್ ಪರದೆಯಲ್ಲಿ ಅಪಾಯದ ಸಂಕೇತ ಹೇಗೆ ಕಾಣುತ್ತದೆ?

ಹಡಗಿನ ಕೆಲಸ ಅಂದ ಕೂಡಲೇ ಜನ ಕೇಳುವುದು ಇದನ್ನೇ. ರೇಡಾರ್ ಪರದೆ ತುಂಬಾ ಬರೀ ಚುಕ್ಕೆಗಳು, ಅದರಲ್ಲಿ ಆಪತ್ತಿನಲ್ಲಿರುವವರ ಸಂಕೇತ ಯಾವುದು ಅಂತ ಹೇಗೆ ತಿಳಿಯುತ್ತದೆ?

ಗುರುತು ಹಿಡಿಯುವುದು ಸುಲಭ. ಅದನ್ನು ನಾವೇ ಅಳಿಸದಂತೆ ನೋಡಿಕೊಳ್ಳುವುದು ಕಷ್ಟ.

ಹಡಗು ಬಿಡುವಾಗ ಹತ್ತುವ ಜೀವರಕ್ಷಕ ತೆಪ್ಪಕ್ಕೆ (ಲೈಫ್‌ರಾಫ್ಟ್) ಒಯ್ಯುವ, ರೇಡಾರ್‌ಗೆ ಉತ್ತರಿಸುವ ಸಾಧನಕ್ಕೆ ನಾವು ಸಾರ್ಟ್ ಅನ್ನುತ್ತೇವೆ. ಆನ್ ಮಾಡಿಟ್ಟರೆ ಅದು ಸುಮ್ನೆ ಕಾಯುತ್ತಿರುತ್ತದೆ. ಯಾವುದಾದರೂ ಹಡಗಿನ ರೇಡಾರ್ ಅಲೆ ತಾಗಿದಾಗ ಮಾತ್ರ ಉತ್ತರ ಕೊಡುತ್ತದೆ. ಆಗ ಪರದೆಯಲ್ಲಿ 12 ಚುಕ್ಕೆಗಳು ಒಂದೇ ಗೆರೆಯಲ್ಲಿ, ನಮ್ಮಿಂದ ಆಚೆಗೆ ಸಾಲಾಗಿ ಮೂಡುತ್ತವೆ. ಎರಡು ಚುಕ್ಕೆಗಳ ನಡುವೆ 0.64 ನಾಟಿಕಲ್ ಮೈಲಿ. ಜನ ಇರುವುದು ನಮಗೆ ಹತ್ತಿರದ ಚುಕ್ಕೆಯ ಕಡೆಗೆ, ಅದಕ್ಕಿಂತ ತುಸು ಈಚೆಗೇ ಇರಬಹುದು. ಒಂದು ಮೈಲಿ ಹತ್ತಿರ ಬರುತ್ತಿದ್ದಂತೆ ಚುಕ್ಕೆಗಳು ಅಗಲವಾಗಿ ಕಮಾನುಗಳಾಗುತ್ತವೆ, ಕೊನೆಗೆ ಪೂರ್ತಿ ವೃತ್ತಗಳು. ಕಮಾನು ಕಂಡಾಗಲೇ ವೇಗ ಇಳಿಸಬೇಕು. ಇಲ್ಲದಿದ್ದರೆ ಕಾಪಾಡಲು ಹೋದವರೇ ರಾಫ್ಟ್ ಮೇಲೆ ಹಡಗು ಹತ್ತಿಸಿಬಿಡಬಹುದು.

ತೊಂದರೆ ಇರುವುದು ಇಲ್ಲಿ. ಸಾರ್ಟ್ ಉತ್ತರಿಸುವುದು 9 ಗಿಗಾಹರ್ಟ್ಸ್‌ನ ಎಕ್ಸ್ ಬ್ಯಾಂಡ್ ರೇಡಾರ್‌ಗೆ ಮಾತ್ರ. ಆದರೆ ಜೋರು ಮಳೆ, ಒರಟು ಸಮುದ್ರ ಇದ್ದಾಗ ನಾವು ನೆಚ್ಚಿಕೊಳ್ಳುವುದು ಅದಕ್ಕಿಂತ ಕಡಿಮೆ ಆವರ್ತನದ ಎಸ್ ಬ್ಯಾಂಡ್ ರೇಡಾರನ್ನು, ಅದರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಅಂತ. ಹಡಗು ಮುಳುಗುವುದೂ ಜಾಸ್ತಿ ಅಂಥ ಹವೆಯಲ್ಲೇ ಅಲ್ವಾ! ಇನ್ನು ಅಲೆಗಳ ಗದ್ದಲ ಅಳಿಸಲು ಸೀ ಕ್ಲಟರ್ ಅನ್ನುವ ಗುಂಡಿ ಏರಿಸಿದರೆ, ಬೇರೆ ಹಡಗುಗಳ ರೇಡಾರ್ ಕಿರಿಕಿರಿ ತಡೆಯುವ ಗುಂಡಿ ಒತ್ತಿದರೆ, ಈ ಚುಕ್ಕೆಗಳೂ ಅದರ ಜೊತೆ ಹೋಗಬಹುದು. ಹುಡುಕಾಟದ ಹೊತ್ತಿನಲ್ಲಿ ತೀರಾ ಶುಭ್ರವಾದ ಪರದೆಯನ್ನು ನಾನು ನಂಬುವುದಿಲ್ಲ. 6 ಅಥವಾ 12 ಮೈಲಿ ರೇಂಜ್ ಇಟ್ಟು, ಕ್ಲಟರ್ ಇಳಿಸಿ ನೋಡಬೇಕು. ಟ್ಯೂನಿಂಗ್ ಬೇಕಂತಲೇ ಸ್ವಲ್ಪ ತಪ್ಪಿಸುವ ಉಪಾಯವೂ ಇದೆ. ಅಲೆ, ಮಳೆಯ ಎಕೋ ಮಂಕಾಗುತ್ತವೆ. ಸಾರ್ಟ್ ಅಗಲವಾದ ಬ್ಯಾಂಡಿನಲ್ಲಿ ಕಳಿಸುವುದರಿಂದ ಅದರ ಚುಕ್ಕೆಗಳು ಉಳಿಯುತ್ತವೆ.

ರಾಫ್ಟ್‌ನಲ್ಲಿರುವವರಿಗೂ ಒಂದು ಮಾತು: ಸಾರ್ಟನ್ನು ಎತ್ತರಕ್ಕೆ ಕಟ್ಟಿ. ನೀರಿನಿಂದ ಒಂದು ಮೀಟರ್ ಮೇಲಿದ್ದರೆ ಹಡಗಿಗೆ ಸುಮಾರು 5 ಮೈಲಿಯಿಂದ ಕಾಣುತ್ತದೆ. ರಾಫ್ಟ್ ತಳದಲ್ಲಿ ಬಿದ್ದಿದ್ದರೆ ಅದರ ಅರ್ಧದಷ್ಟೂ ಇಲ್ಲ.

ಪರದೆಯಲ್ಲಿ ಚುಕ್ಕೆ ಮೂಡಿಸುವ ಇನ್ನೊಂದು ಸಾಧನ ರೇಕಾನ್, ಅದು ಬೇರೆ. ಅದು ದಾರಿ ತೋರಲು ಸಮುದ್ರದಲ್ಲಿ ತೇಲಿಬಿಟ್ಟ ಬಾಯ್, ದೀಪಸ್ತಂಭಗಳ ಮೇಲಿರುತ್ತದೆ, ರೇಡಾರ್ ಅಲೆಗೆ ಉತ್ತರ ಕೊಡುತ್ತದೆ. ಅದರ ಎಕೋ ಹಿಂದೆ ಮೋರ್ಸ್ ಅಕ್ಷರವೊಂದು ಗೆರೆ ಚುಕ್ಕೆಗಳಾಗಿ ಮೂಡುತ್ತದೆ. ಒಂದು ಗೆರೆ, ಎರಡು ಚುಕ್ಕೆ, ಅಂದರೆ ‘ಡಿ’ ಕಂಡರೆ ಎಚ್ಚರ. ಹೊಸದಾಗಿ ಮುಳುಗಿದ ಹಡಗಿನಂಥ, ನಕ್ಷೆಗೆ ಇನ್ನೂ ಬಾರದ ಅಪಾಯಕ್ಕೆ ಅದನ್ನು ಬಳಸುತ್ತಾರೆ.

ಹಡಗಿನ ಆಪತ್ತಿನ ರೇಡಿಯೊ ಸಾಧನವಾದ ಇಪರ್ಬ್ ರೇಡಾರ್‌ನಲ್ಲಿ ಕಾಣುವುದಿಲ್ಲವಾ ಅಂತಲೂ ಕೇಳುತ್ತಾರೆ. ಇಲ್ಲ, ಅದು ರೇಡಾರ್ ಅಲೆಗೆ ಉತ್ತರ ಕೊಡುವುದಿಲ್ಲ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. 2010ರಿಂದ ಸಾರ್ಟ್ ಬದಲು ಎಐಎಸ್ ಸಾರ್ಟ್ ಇಟ್ಟುಕೊಳ್ಳಲೂ ಅನುಮತಿ ಇದೆ. ಎಐಎಸ್ ಅಂದರೆ ಹಡಗುಗಳು ತಮ್ಮ ಗುರುತು, ಸ್ಥಾನವನ್ನು ರೇಡಿಯೊದಲ್ಲಿ ತಾವೇ ತಿಳಿಸುವ ವ್ಯವಸ್ಥೆ. ಈ ಸಾರ್ಟ್ ಚುಕ್ಕೆ ಸಾಲು ಮೂಡಿಸುವುದಿಲ್ಲ. ಎಐಎಸ್ ಜೋಡಿಸಿದ ಪರದೆಯಲ್ಲಿ ವೃತ್ತದೊಳಗೆ ಕತ್ತರಿ ಗುರುತಾಗಿ ಬರುತ್ತದೆ, ಅದರ ಗುರುತಿನ ಸಂಖ್ಯೆ 970ರಿಂದ ಶುರುವಾಗುತ್ತದೆ.