ಒತ್ತಕ್ಷರ ನುಂಗಿದ ಬಟನ್ನು

ಐದು ಜನ, ಐದು ಮೊಬೈಲು, ಪ್ರತಿಯೊಬ್ಬರ ಕೈಗೂ ಒಂದು ಚೀಟಿ. ವಿಶ್ವವಿದ್ಯಾಲಯದ ಸ್ನಾತಕೋತ್ತರ ಸ್ಕೂಲೊಂದರ ಹೊಸ ಜಾಲತಾಣವನ್ನು ಎಲ್ಲರಿಗೂ ತೆರೆಯುವ ಮುಂಚೆ ಲ್ಯಾಬಿನಲ್ಲಿ ಇಟ್ಟುಕೊಂಡಿದ್ದ ಪರೀಕ್ಷೆ ಇಷ್ಟೇ. ಚೀಟಿಯಲ್ಲಿ ನಾಲ್ಕು ಕೆಲಸ: ಎಂ.ಎ. ಅರ್ಜಿಗೆ ಕಡೇ ದಿನ ಯಾವುದು ಹುಡುಕಿ, ಎರಡನೇ ಸೆಮಿಸ್ಟರಿನ ಪಠ್ಯಕ್ರಮ ತೆಗೆಯಿರಿ, ಶುಲ್ಕ ಕಟ್ಟಿ ರಸೀದಿ ಇಳಿಸಿಕೊಳ್ಳಿ, ಕಚೇರಿಗೆ ಫೋನ್ ಮಾಡಿ. ಪಕ್ಕದಲ್ಲಿ ಕೂತವರಿಗೆ ನಿಯಮ ಒಂದೇ, ಬಾಯಿ ಬಿಡಬಾರದು. ‘ಅಲ್ಲಿ ಒತ್ತಮ್ಮ’ ಅಂದರೆ ಪರೀಕ್ಷೆ ಕೆಟ್ಟ ಹಾಗೆ. ಬೆರಳು ಎಲ್ಲಿ ತಡವರಿಸಿತು, ಎಷ್ಟು ಸಲ ಹಿಂದಕ್ಕೆ ಬಂತು, ಅಷ್ಟನ್ನೇ ಬರೆದುಕೊಳ್ಳಬೇಕು.

ಐದು ಜನರಿಂದಲೇ ಸುಮಾರು ಶೇ. 85ರಷ್ಟು ತೊಂದರೆಗಳು ಕಣ್ಣಿಗೆ ಬೀಳುತ್ತವೆ ಎಂಬ ಲೆಕ್ಕವನ್ನು ಜಾಲತಾಣಗಳು ಬಳಸಲು ಸುಲಭವೇ ಎಂದು ಪರೀಕ್ಷಿಸುವುದರಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಆದರೆ ಆ ಲೆಕ್ಕ ಒಂದೇ ಬಗೆಯ ಬಳಕೆದಾರರದ್ದು. ಅರ್ಜಿ ಹಾಕುವವರು ಬೇರೆ, ಈಗಾಗಲೇ ಓದುತ್ತಿರುವವರು ಬೇರೆ. ಹಾಗಾಗಿ ಮೂವರು ಡಿಗ್ರಿ ಕೊನೇ ವರ್ಷದವರು, ಇಬ್ಬರು ಎಂ.ಎ.ಯವರು. ಕಂಪ್ಯೂಟರ್ ಸೈನ್ಸಿನವರನ್ನು ಬೇಕೆಂದೇ ಬಿಟ್ಟದ್ದು; ಅವರು ಕೆಟ್ಟ ಮೆನುವಿನಲ್ಲೂ ದಾರಿ ಊಹಿಸಿಬಿಡುತ್ತಾರೆ.

ಕಡೇ ದಿನ ಹುಡುಕುವುದರಲ್ಲೇ ಎಲ್ಲರೂ ಎಡವಿದರು. ಮೆನುವಿನಲ್ಲಿ ‘ಆಡಳಿತ’, ‘ಶೈಕ್ಷಣಿಕ’, ‘ಪರೀಕ್ಷಾಂಗ’ ಎಂದಿತ್ತು. ಅದು ಕಚೇರಿಯ ಕೋಣೆಗಳ ನಕ್ಷೆ. ಹೊರಗಿನಿಂದ ಬಂದವರಿಗೆ ಪ್ರವೇಶಾತಿ ಯಾವ ಕೋಣೆಯದು ಎಂದು ಹೇಗೆ ಗೊತ್ತಾಗಬೇಕು? ಅದು ಸಿಕ್ಕಿದ ಮೇಲೂ ದಿನಾಂಕ ಇದ್ದದ್ದು ಸುತ್ತೋಲೆಯ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. ಸ್ಕ್ಯಾನ್ ಎಂದರೆ ಬರಿಯ ಚಿತ್ರ. ಹುಡುಕಾಟಕ್ಕೆ ಸಿಕ್ಕುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದಿಲ್ಲ. ಮೇಲಾಗಿ ದಿನ ಮುಂದೂಡಿದ ಸುತ್ತೋಲೆ ಬೇರೊಂದು ಪುಟದಲ್ಲಿತ್ತು. ಮಧ್ಯಾಹ್ನದೊಳಗೆ ಮೆನು ‘ಪ್ರವೇಶ’, ‘ಪರೀಕ್ಷೆ’, ‘ಶುಲ್ಕ’, ‘ಪಠ್ಯಕ್ರಮ’, ‘ಸಂಪರ್ಕ’ ಎಂದಾಯಿತು. ಕಡೇ ದಿನ, ಶುಲ್ಕ, ಅರ್ಹತೆ ಪುಟದಲ್ಲೇ ಅಕ್ಷರವಾಗಿ ಬಂದವು. ಸಹಿ ಮೊಹರಿನ ಪಿಡಿಎಫ್ ಕೆಳಗೆ ಸರಿಯಿತು. ದಿನಾಂಕವನ್ನು ಡೇಟಾಬೇಸಿನಲ್ಲಿ ಒಂದೇ ಕಡೆ ಇಟ್ಟು ಎಲ್ಲ ಪುಟಗಳೂ ಅಲ್ಲಿಂದಲೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮುಖಪುಟದಲ್ಲೊಂದು, ಒಳಪುಟದಲ್ಲೊಂದು ದಿನ ಉಳಿದೇ ಉಳಿಯುತ್ತದೆ.

ಆಮೇಲೆ ಕನ್ನಡದ ಸರದಿ. ಅರ್ಜಿಯ ಕೊನೆಯಲ್ಲಿ ‘ಸಲ್ಲಿಸಿ’ ಎಂಬ ಬಟನ್ನು ಒಬ್ಬಳ ಮೊಬೈಲಿನಲ್ಲಿ ‘ಸಲಿಸಿ’, ಪಕ್ಕದ ‘ರದ್ದುಮಾಡಿ’ ‘ರದುಮಾಡಿ’ ಆಗಿತ್ತು. ಕಾರಣ ಸರಳ. ಇಂಗ್ಲಿಷ್ ಅಕ್ಷರ ನೋಡಿ ಮಾಡಿದ ಟೆಂಪ್ಲೇಟಿನಲ್ಲಿ ಬಟನ್ನಿಗೆ ಅಳೆದಿಟ್ಟ ಎತ್ತರ, ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು, ಮೀರಿದ್ದನ್ನು ಕತ್ತರಿಸು ಎಂಬ ಆಜ್ಞೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಆಜ್ಞೆ ಅದನ್ನು ನುಂಗುತ್ತದೆ. ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿ, ಅಳೆದಿಟ್ಟ ಎತ್ತರದ ಬದಲು ಕನಿಷ್ಠ 48 ಪಿಕ್ಸೆಲ್ ಎಂದು ಬರೆದರೆ ಸರಿಹೋಗುತ್ತದೆ.

ಹಳೆಯ ತಾಣದಿಂದ ತಂದ ಬರಹದ ಗೋಳು ಇನ್ನೂ ದೊಡ್ಡದು. ಹಿಂದಿನ ಕಡತಗಳೆಲ್ಲ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ನುಡಿ, ಬರಹ ಫಾಂಟುಗಳಲ್ಲಿದ್ದವು. ಆ ಫಾಂಟುಗಳಲ್ಲಿ ಅರ್ಕಾವತ್ತು (ರಕಾರದ ಗುರುತು) ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಆ ಸ್ಥಾನ ಬದಲಿಸುವುದನ್ನು ಮರೆತರೆ ‘ಕರ್ನಾಟಕ’ ‘ಕನಾರ್ಟಕ’ವಾಗುತ್ತದೆ, ‘ಕಾರ್ಯಕ್ರಮ’ ‘ಕಾಯರ್ಕ್ರಮ’ವಾಗುತ್ತದೆ. ಇಡೀ ಪುಟ ಓದಿ ತಿದ್ದುವ ಬದಲು ಮೊದಲು ಈ ಎರಡು ಪದಗಳನ್ನೇ ಡೇಟಾಬೇಸಿನಲ್ಲಿ ಹುಡುಕಬೇಕು. ಸಿಕ್ಕಿದರೆ ಆ ಕಡತ ಪೂರ್ತಿ ಮತ್ತೆ ಪರಿವರ್ತನೆಗೆ ಹೋಗಬೇಕು.

ಹೆಸರಿನ ಖಾನೆ ಎರಡಿತ್ತು, ಎರಡೂ ಕಡ್ಡಾಯ: ಮೊದಲ ಹೆಸರು, ಕುಲನಾಮ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಒಂದು ಹೆಸರು, ಒಂದು ಇನಿಷಿಯಲ್ಲು. ಒಬ್ಬ ಚುಕ್ಕಿ ಇಟ್ಟ, ಇನ್ನೊಬ್ಬ ತನ್ನ ಹೆಸರನ್ನೇ ಎರಡು ಸಲ ಬರೆದ. ನಾಳೆ ಅಂಕಪಟ್ಟಿಯಲ್ಲಿ ಅದೇ ಅಚ್ಚಾಗುತ್ತದೆ. ‘ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ ಪೂರ್ಣ ಹೆಸರು’ ಎಂಬ ಒಂದೇ ಖಾನೆ ಸಾಕು. ಅದರ ಉದ್ದದ ಮಿತಿಯಲ್ಲೂ ಕೈ ಧಾರಾಳ ಇರಲಿ: ‘ಕೃಷ್ಣ’ ಕಣ್ಣಿಗೆ ಎರಡಕ್ಷರ, ಯುನಿಕೋಡಿಗೆ ಐದು ಸಂಕೇತ, ಅದನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಕ್ರಮದಲ್ಲಿ 15 ಬೈಟು. ಎಸ್ಸೆಮ್ಮೆಸ್ಸಿಗೂ ಇದೇ ಕಥೆ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಸಂದೇಶ ಕನ್ನಡದಲ್ಲಿ 70 ಸಂಕೇತಕ್ಕೇ ಮುಗಿಯುತ್ತದೆ, ಮೀರಿದರೆ ಎರಡು ಸಂದೇಶದ ದುಡ್ಡು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಶುಲ್ಕ. ತಾಣಕ್ಕೂ ಬ್ಯಾಂಕಿಗೂ ನಡುವೆ ಹಣ ದಾಟಿಸುವ ಪೇಮೆಂಟ್ ಗೇಟ್‌ವೇಯನ್ನು ನಿಜವಾದ ದುಡ್ಡು ಹೋಗದ ಪರೀಕ್ಷಾ ಮೋಡಿನಲ್ಲಿಟ್ಟು, ಬ್ಯಾಂಕಿನ ಪುಟದಲ್ಲಿ ‘ಯಶಸ್ವಿ’ ಎಂದು ಬಂದ ಕ್ಷಣವೇ ಮೊಬೈಲಿನ ಇಂಟರ್ನೆಟ್ ಆರಿಸಿದ್ದಾಯಿತು. ಹಳ್ಳಿಯ ಬಸ್ಸಿನಲ್ಲಿ ದಿನಾ ಆಗುವುದೂ ಅದೇ. ಬ್ಯಾಂಕಿಗೆ ಹಣ ಹೋಗಿದೆ, ತಾಣಕ್ಕೆ ಸುದ್ದಿ ಬಂದಿಲ್ಲ, ಪರದೆಯ ಮೇಲೆ ‘ಶುಲ್ಕ ಕಟ್ಟಿ’ ಬಟನ್ನು ಹಾಗೇ ಇದೆ. ಐವರಲ್ಲಿ ನಾಲ್ವರು ಮತ್ತೆ ಒತ್ತಿದರು. ನಿಜವಾದ ದುಡ್ಡಾಗಿದ್ದರೆ ವಾಪಸಾತಿಗೆ ಅರ್ಜಿ, ಓಡಾಟ. ತಪ್ಪು ಅವರದಲ್ಲ. ವಿದ್ಯಾರ್ಥಿಯ ಬ್ರೌಸರ್ ವಾಪಸು ಬಂದು ಸುದ್ದಿ ಹೇಳಲಿ ಎಂದು ಕಾಯುವ ಏರ್ಪಾಡೇ ತಪ್ಪು. ಗೇಟ್‌ವೇ ಸರ್ವರ್ ನೇರವಾಗಿ ತಾಣದ ಸರ್ವರಿಗೆ ತಿಳಿಸಬೇಕು. ಆ ಸುದ್ದಿಯೂ ತಪ್ಪಿದರೆ ಹದಿನೈದು ನಿಮಿಷಕ್ಕೊಮ್ಮೆ ಬಾಕಿ ವ್ಯವಹಾರಗಳ ಸ್ಥಿತಿಯನ್ನು ತಾಣವೇ ಕೇಳಿ ತಿಳಿಯಬೇಕು. ಅಲ್ಲಿಯವರೆಗೆ ಬಟನ್ನು ಮಾಯವಾಗಿ ಅದರ ಜಾಗದಲ್ಲಿ ‘ಬ್ಯಾಂಕಿನ ಉತ್ತರ ಬರಬೇಕು, ಮತ್ತೆ ಕಟ್ಟಬೇಡಿ’ ಎಂಬ ಸಾಲು ಇರಬೇಕು. ಸಂಜೆ ಅದೇ ಐವರಿಗೆ ಈ ಸಾಲು ತೋರಿಸಿದಾಗ ಯಾರೂ ಎರಡನೇ ಸಲ ಒತ್ತಲಿಲ್ಲ.

ಫೋನ್ ನಂಬರು ಸಿಕ್ಕಿತು, ಆದರೆ ಬ್ಯಾನರ್ ಚಿತ್ರದೊಳಗೆ. ಒತ್ತಿದರೆ ಕರೆ ಹೋಗದು. ಅಕ್ಷರವಾಗಿಸಿ ಕೊಂಡಿ ಹಾಕಲು ಐದು ನಿಮಿಷ. ಆ ಬ್ಯಾನರಿನ ಕೆಳಗೆ ಹಳೆಯ ತಾಣದಿಂದ ಬಂದಿದ್ದ ಮಿನುಗುವ ‘ಹೊಸದು’ ಪಟ್ಟಿಗಳು ಹನ್ನೊಂದು, ಅವುಗಳಲ್ಲಿ ಒಂದು ಮೂರು ವರ್ಷದ ಹಿಂದಿನ ವಿಶೇಷ ಉಪನ್ಯಾಸದ್ದು. ತೆಗೆಯಬೇಕೆಂಬ ನೆನಪನ್ನು ಗುಮಾಸ್ತರ ಮೇಲೆ ಹೊರಿಸುವುದು ಬೇಡವೆಂದು ಪ್ರಕಟಣೆ ಏರಿಸುವ ಫಾರಂನಲ್ಲೇ ‘ಎಂದಿನವರೆಗೆ’ ಎಂಬ ಕಡ್ಡಾಯ ಖಾನೆ ಸೇರಿಸಲಾಯಿತು. ಆ ದಿನ ದಾಟಿದರೆ ಪ್ರಕಟಣೆ ತಾನಾಗಿ ‘ಹಳೆಯ ಪ್ರಕಟಣೆಗಳು’ ಪುಟಕ್ಕೆ ಹೋಗುತ್ತದೆ. ಮಿನುಗುವುದನ್ನಂತೂ ಪೂರ್ತಿ ತೆಗೆದದ್ದಾಯಿತು.