ಸಿಗಾರಿನಲ್ಲಿ ಮೆಂಡರ್ ವಾಸನೆ

ನಾನು ಪಿರಿಯಾಪಟ್ಟಣದ ಕಡೆಯವನು. ಮನೆಯ ಹಿಂದೆಯೇ ಬ್ಯಾರನ್ನು, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಮಳೆಗಾಲದ ರಾತ್ರಿಗಳಲ್ಲಿ ಅಪ್ಪನ ಜೊತೆ ಕೂತು ಒಲೆಗೆ ಸೌದೆ ನೂಕಿದವನಿಗೆ ತಂಬಾಕಿನ ಬಗ್ಗೆ ಇನ್ನೊಬ್ಬರು ಹೇಳಿಕೊಡೋದೇನಿದೆ ಅನ್ನುವ ಜಂಬವಿತ್ತು. ಅದು ಇಳಿದದ್ದು ಫ್ಲೋರಿಡಾದ ಟ್ಯಾಂಪಾದಲ್ಲಿ.

ಆಫೀಸಿನ ಕೆಲಸದ ಮೇಲೆ ಹೋಗಿದ್ದೆ. ಶನಿವಾರ ಗೆಳೆಯನೊಬ್ಬ ಈಬೋರ್ ಸಿಟಿಗೆ ಕರಕೊಂಡು ಹೋದ. ವಿಸೆಂಟೆ ಮಾರ್ಟಿನೆಜ್ ಈಬೋರ್ 1885ರಲ್ಲಿ ಕೀ ವೆಸ್ಟ್‌ನಿಂದ ತನ್ನ ಸಿಗಾರ್ ವ್ಯವಹಾರವನ್ನು ಇಲ್ಲಿಗೆ ಎಬ್ಬಿಸಿಕೊಂಡು ಬಂದ ಮೇಲೆ ಬೆಳೆದ ಪೇಟೆ. ರಸ್ತೆಯಲ್ಲಿ ಹುಂಜಗಳು ಯಾರ ಹಂಗೂ ಇಲ್ಲದೆ ಓಡಾಡುತ್ತವೆ. ನಮ್ಮೂರೇ ಅನ್ನಿಸಿತು.

ಅಂಗಡಿಯ ಮುದುಕ ನಿಕರಾಗುವಾ ಎಲೆಯ ಸಿಗಾರೊಂದನ್ನು ಕೊಟ್ಟು, ಇದರಲ್ಲಿ ಸೀಡರ್ ಮರ, ಚರ್ಮ, ಕೋಕೋ, ಮೆಣಸು ಎಲ್ಲದರ ವಾಸನೆ ಸಿಗುತ್ತೆ ಅಂದ. ನನಗೆ ಸಿಕ್ಕಿದ್ದು ಬರೀ ಹೊಗೆ. ಬೀಡಿ ಸೇದಿದಂತೆ ಎದೆಗೇ ಎಳೆದುಬಿಟ್ಟೆ. ಕೆಮ್ಮು ಬಂತು, ಬಿಕ್ಕಳಿಕೆ ಹತ್ತಿತು, ಹಣೆ ಬೆವರಿ ತಲೆ ಗಿರ್ರೆಂದಿತು. ಮುದುಕ ಮಾತಾಡದೆ ಒಂದು ಕೋಲಾ ತಂದಿಟ್ಟ.

ಆಮೇಲೆ ಪಾಠ. ಎದೆಗೆ ಎಳೀಬೇಡ, ಬಾಯಲ್ಲೇ ಹೊರಳಿಸು. ನಿಮಿಷಕ್ಕೊಂದೇ ದಮ್ಮು, ಅವಸರ ಮಾಡಿದರೆ ಕಾದು ಕಹಿಯಾಗುತ್ತೆ. ಹೊಗೆಯನ್ನೆಲ್ಲ ಬಾಯಿಂದ ಬಿಟ್ಟು, ಕೊನೆಯಲ್ಲಿ ಉಳಿದ ಚೂರನ್ನು ಮಾತ್ರ ಮೂಗಿನಿಂದ ಬಿಡು.

ಬಿಟ್ಟೆ. ಕಣ್ಣಲ್ಲಿ ನೀರು. ಅದರ ಹಿಂದೆಯೇ ಕರಿಮೆಣಸು! ಬಿಸಿ ಸಾರಿಗೆ ಅವ್ವ ಕುಟ್ಟಿ ಹಾಕುವಾಗ ಮೂಗಿಗೆ ಅಡರುವುದಲ್ಲ, ಅದೇ. ನಾಲಿಗೆಗೆ ಏನೂ ಗೊತ್ತಾಗಿರಲಿಲ್ಲ.

ಸೀಡರ್ ಮಾತ್ರ ಹತ್ತಲಿಲ್ಲ. ಕಂಡೇ ಇಲ್ಲದ ಮರದ ವಾಸನೆ ಹಿಡಿಯೋದು ಹೇಗೆ? ಮುದುಕ ಸಿಗಾರ್ ಪೆಟ್ಟಿಗೆಯಿಂದ ಒಂದು ತೆಳು ಚಕ್ಕೆ ಎಳೆದು ಕೊಟ್ಟ. ಮೂಸಿದರೆ ಮೂರನೇ ಕ್ಲಾಸು: ಮೆಂಡರ್‌ನಲ್ಲಿ ಪೆನ್ಸಿಲ್ ಹೆರೆದಾಗ ಉದುರುವ ಸಿಪ್ಪೆ. (ಹೆಸರು ಸ್ಪ್ಯಾನಿಷ್ ಸೀಡರ್ ಅಂತಿದ್ದರೂ ಅದು ಸೀಡರೇ ಅಲ್ಲವಂತೆ, ನಮ್ಮ ಬೇವಿನ ಕುಟುಂಬದ್ದು.) ಮುಂದಿನ ದಮ್ಮಿನಲ್ಲಿ ಅದೂ ಸಿಕ್ಕಿತು. ಚರ್ಮ ಅಂದರೆ ಎತ್ತಿನ ಕೊರಳಿನ ಗೆಜ್ಜೆಪಟ್ಟಿ, ಮಳೆಯಲ್ಲಿ ನೆಂದದ್ದು. ಕೋಕೋ ಕೊನೆಯವರೆಗೂ ಸಿಗಲಿಲ್ಲ. ಅವನು ಹೇಳಿದ ಅಂತ ಹೂಂ ಅನ್ನಲೂ ಮನಸ್ಸಾಗಲಿಲ್ಲ.

ನಾನು ಹುಡುಕುತ್ತಿದ್ದುದು ಬ್ಯಾರನ್ ವಾಸನೆ. ಅದರ ಸುಳಿವೂ ಇಲ್ಲ. ಕೇಳಿದ್ದಕ್ಕೆ ಮುದುಕ ನಕ್ಕ. ನಮ್ಮದು ವರ್ಜೀನಿಯಾ ಜಾತಿಯ ಹೊಗೆಸೊಪ್ಪು; ಕೊಳವೆಯ ಕಾವಿನಲ್ಲಿ ಐದಾರು ದಿನಕ್ಕೆ ಬೆಂದು, ಸಕ್ಕರೆ ಉಳಿಸಿಕೊಂಡು ಹಳದಿಯಾಗುತ್ತೆ. ಸಿಗಾರಿನ ಎಲೆ ವಾರಗಟ್ಟಲೆ ನೆರಳಲ್ಲಿ, ಬರೀ ಗಾಳಿಗೆ ಒಣಗಿ ಸಿಹಿ ಕಳಕೊಳ್ಳುತ್ತೆ. ಆಮೇಲೆ ರಾಶಿ ಹಾಕಿದರೆ ತನ್ನ ಶಾಖಕ್ಕೆ ತಾನೇ ಹುದುಗುತ್ತೆ, ನಮ್ಮ ತಿಪ್ಪೆಯ ಹಾಗೆ. ಹೊರಡುವಾಗ ಅವನು ಪೈಪ್ ತಂಬಾಕಿನ ಜಾಡಿಯೊಂದರ ಮುಚ್ಚಳ ತೆಗೆದು ಮುಂದೆ ಹಿಡಿದ. ಒಣಹುಲ್ಲು, ಬೆಲ್ಲದ ಪಾಕ. ನಾಲ್ಕನೇ ದಿನ ಬ್ಯಾರನ್ ಬಾಗಿಲು ಸಂದಿಯಿಂದ ಬರುವುದು ಅದೇ. ಸುಮ್ಮನೆ ನಿಂತುಬಿಟ್ಟೆ.

ರಾತ್ರಿ ಅಪ್ಪನಿಗೆ ಫೋನಿನಲ್ಲಿ ಮೆಣಸು, ಪೆನ್ಸಿಲ್, ಗೆಜ್ಜೆಪಟ್ಟಿ ಎಲ್ಲ ವರ್ಣಿಸಿದೆ. ಕಂಪಲಾಪುರದ ಹರಾಜಿನಲ್ಲಿ ಹೊಗೆಸೊಪ್ಪಿನ ಬೇಲ್ ಇಟ್ಟು ಕಾದು ಕಾದು ಸಾಕಾದ ಮನುಷ್ಯ, ತಾಳ್ಮೆಯಿಂದ ಕೇಳಿಸಿಕೊಂಡ.

"ಒಂದಕ್ಕೆ ಎಷ್ಟು ಕೊಟ್ಟೆ?"

"ಹನ್ನೆರಡು ಡಾಲರ್. ಸಾವಿರ ರೂಪಾಯಿ ಹತ್ರ."

"ತೂಕ ಎಷ್ಟು ಬತ್ತದ್ಲಾ?"

"ಹದಿನೈದು ಗ್ರಾಂ ಇರಬೋದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೆಕ್ಕ ಹಾಕುತ್ತಿದ್ದ.